ನಾಲ್ಕನೆಯ ಡಿಸ್ಕಿನ ಕುಂಕುಮ

ಎರಡು ವಿಷಯಗಳಲ್ಲಿ ಹರಿಣಾಕ್ಷಿಯದೇ ಕೊನೆಯ ಮಾತು. ಡೊಂಬಿವಲಿಯಿಂದ ಥಾಣೆಗೆ ಹೋಗಲು ಯಾವ ಲೋಕಲ್ ರೈಲು ಹಿಡಿಯಬೇಕು ಎಂಬುದು ಒಂದು, ಡೇಟಾಬೇಸನ್ನು ಯಾವ ಡಿಸ್ಕಿನ ಮೇಲೆ ಹೇಗೆ ಇಡಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಲೇಡೀಸ್ ಡಬ್ಬಿಯ ಗೆಳತಿಯರು ವೇದವಾಕ್ಯವೆಂದು ಒಪ್ಪಿ ವರ್ಷಗಳಾಗಿದ್ದವು. ಎರಡನೆಯದನ್ನು ಒಪ್ಪುವುದಿರಲಿ, ಕುಳಿತು ಕೇಳುವವರೂ ಇರಲಿಲ್ಲ. ಡಿಸ್ಕಿನ ಮಾತು ಎತ್ತಿದರೆ ಗಂಡ ಗುಣಪಾಲ ಟಿವಿಯ ಸದ್ದು ಹೆಚ್ಚಿಸುತ್ತಿದ್ದ. ಮಗಳು ಪ್ರೇಕ್ಷಾ "ಮಮ್ಮಿ, ಬಸ್ ಕರ್ ನಾ, ಸಾಕು ಮಾಡು" ಎಂದು ಎದ್ದು ಹೋಗುತ್ತಿದ್ದಳು.

ಕಾರ್ಕಳದ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಸೇರಿದ್ದು ಥಾಣೆಯ ನೌಪಾಡಾದ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ, ರಿಪೋರ್ಟ್ ಟೈಪ್ ಮಾಡುವ ಕೆಲಸಕ್ಕೆ. ಗುಣಪಾಲ ಮ್ಯಾನೇಜರನಾಗಿದ್ದ ಉಡುಪಿ ಹೋಟೆಲು ಅದೇ ರಸ್ತೆಯಲ್ಲಿತ್ತು. ಲ್ಯಾಬಿನ ಯಜಮಾನರಾದ ಡಾಕ್ಟರ್ ಮಧ್ವರಾಜರು ಬೆಳಗಿನ ಇಡ್ಲಿಗೆ ಅಲ್ಲಿಗೇ ಬರುತ್ತಿದ್ದರು. ಹೆಂಡತಿಗೆ ಕೆಲಸ ಸಿಕ್ಕಿದ್ದು ತನ್ನ ಸಾಂಬಾರಿನ ಶಿಫಾರಸಿನ ಮೇಲೆ ಎಂದು ಗುಣಪಾಲ ಇಂದಿಗೂ ಜಂಬ ಕೊಚ್ಚುತ್ತಾನೆ. ಕೊಚ್ಚಲಿ. ಆದರೆ ಟೈಪಿಸ್ಟ್ ಆಗಿ ಬಂದವಳು ಡೇಟಾಬೇಸ್ ನೋಡಿಕೊಳ್ಳುವವಳಾದದ್ದು ಯಾವ ಸಾಂಬಾರಿನಿಂದಲೂ ಅಲ್ಲ. ಕಮಲಾಕ್ಷಣ್ಣ ಹೇಳಿಕೊಟ್ಟರು, ಇವಳು ಕಲಿತಳು.

ಲ್ಯಾಬಿನ ಮೊಟ್ಟಮೊದಲ ಕಂಪ್ಯೂಟರನ್ನು ಟೆಂಪೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವರು ಕಮಲಾಕ್ಷಣ್ಣ. ಕಡಿಮೆ ಮಾತಿನ ಮನುಷ್ಯ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಕಿಸೆಯಲ್ಲಿ ಸಣ್ಣ ಸ್ಕ್ರೂಡ್ರೈವರ್. ಲ್ಯಾಬು ಬೆಳೆದು ಡೊಂಬಿವಲಿ, ವಾಶಿ, ಐರೋಲಿ ಎಂದು ಶಾಖೆಗಳಾಗಿ, ದೊಡ್ಡ ಯಂತ್ರಗಳೆಲ್ಲ ತುರ್ಭೆಯ ಕಟ್ಟಡಕ್ಕೆ ಹೋದಾಗ ಸರ್ವರ್ ಕೂಡ ಅಲ್ಲಿಗೆ ಹೋಯಿತು, ಅದರ ಹಿಂದೆ ಕಮಲಾಕ್ಷಣ್ಣನೂ ಹೋದರು. ಹರಿಣಾಕ್ಷಿ ನೌಪಾಡಾದಲ್ಲೇ ಉಳಿದಳು. ಯಂತ್ರದ ಮೈ ಅವರದ್ದು, ಒಳಗಿನ ಡೇಟಾಬೇಸ್ ಇವಳದ್ದು ಎಂದು ಹಂಚಿಕೆಯಾಯಿತು. ಆಣೆಪ್ರಮಾಣ ಮಾಡದೆ ನಡೆದುಬಂದ ಪಾಲುಪಟ್ಟಿ ಅದು, ಎಂದೂ ಜಗಳವಾಗಲಿಲ್ಲ.

ಆಯುಧ ಪೂಜೆಗೆ ಮಾತ್ರ ಎಲ್ಲರೂ ತುರ್ಭೆಯಲ್ಲಿ ಸೇರಬೇಕು. ಅದು ಮಧ್ವರಾಜರ ಕಟ್ಟಪ್ಪಣೆ. ಅವರು ಕಾಯಿ ಒಡೆಯುತ್ತಾರೆ, ಕಮಲಾಕ್ಷಣ್ಣ ಕುಂಕುಮ ಹಚ್ಚುತ್ತಾರೆ. ಮೈಕ್ರೋಸ್ಕೋಪಿಗೆ, ರಕ್ತದ ಮಾದರಿ ತರುವ ಬೈಕುಗಳಿಗೆ, ಕೊನೆಗೆ ಸರ್ವರಿಗೆ. ಸರ್ವರಿನ ಐದು ಡಿಸ್ಕುಗಳೂ ಮುಖ ಹೊರಗೆ ಮಾಡಿ ಸಾಲಾಗಿ ಕೂತಿರುತ್ತವೆ. ಒಂದೊಂದಕ್ಕೂ ಒಂದೊಂದು ಬೊಟ್ಟು. ಕುಂಕುಮವನ್ನು ಎಣ್ಣೆಯಲ್ಲಿ ಕಲಸುವುದು ಅವರ ಪದ್ಧತಿ. ನೀರಿನದ್ದು ಒಣಗಿ ಉದುರಿ ಹೋಗುತ್ತದೆ, ಎಣ್ಣೆಯದ್ದು ಮುಂದಿನ ವರ್ಷದವರೆಗೂ ನಿಲ್ಲುತ್ತದೆ. ಡಿಸ್ಕಿನ ಹಸಿರು ದೀಪ ಮುಚ್ಚಬಾರದೆಂಬ ಎಚ್ಚರ ಅವರಿಗೆ ಯಾವಾಗಲೂ ಇತ್ತು. ಅದಕ್ಕೇ ಆ ಸಲ ಹಸಿರಿನ ಪಕ್ಕದಲ್ಲಿ ಏನೂ ಇಲ್ಲದ ಹಾಗೆ ಕಂಡ ಪುಟ್ಟ ಜಾಗ ಹುಡುಕಿ, ಉಂಗುರಬೆರಳಿನಿಂದ ಒತ್ತಿ ಹಚ್ಚಿದರು. "ಭಾರೀ ಚಂದ ಕಾಣ್ತದೆ ಕಮಲಾಕ್ಷ," ಎಂದರು ಮಧ್ವರಾಜರು. ಹರಿಣಾಕ್ಷಿ ಫೋಟೋ ತೆಗೆದಳು.

ಮರುದಿನ ವಿಜಯದಶಮಿ. ಒಳ್ಳೆಯ ಮುಹೂರ್ತವೆಂದು ಕಲ್ಯಾಣದಲ್ಲಿ ಹೊಸ ಶಾಖೆಯ ಬಾಗಿಲು ತೆರೆದರು. ಸ್ಟೇಷನ್ನಿನ ಎದುರೇ ಇದ್ದುದರಿಂದ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಸಾಲು ನಿಲ್ಲುವಷ್ಟು ಜನ ಬಂದರು. ಮಧ್ವರಾಜರ ಮುಖ ಅರಳಿತು.

ಅರಳಿದ ಮುಖ ಬಾಡಲು ಬಹಳ ದಿನ ಬೇಕಾಗಲಿಲ್ಲ. ರಿಪೋರ್ಟುಗಳು ತಡವಾಗತೊಡಗಿದವು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಆಫೀಸಿಗೆ ಓಡಿದವರಿಗೆ ಮಧ್ಯಾಹ್ನ ಬರಬೇಕಾದದ್ದು ಸಂಜೆ ಬಂತು, ಕೆಲವರಿಗೆ ಮರುದಿನ. ಮಾದರಿ ಹೆಚ್ಚು ಬರುವ ಬೆಳಗಿನ ಹೊತ್ತಿನಲ್ಲಂತೂ ಕೌಂಟರಿನ ಹುಡುಗಿಯರು ಹೆಸರು ಒತ್ತಿ, ಪರದೆಯ ಮೇಲೆ ಸುತ್ತುವ ಚಕ್ರ ನೋಡುತ್ತ ಕೂರುವಂತಾಯಿತು. ಆಪರೇಷನ್ನಿಗೆ ಕಾದಿದ್ದ ಒಬ್ಬ ಸರ್ಜನ್ ಫೋನಿನಲ್ಲಿ ಮಧ್ವರಾಜರಿಗೆ ಮರಾಠಿಯಲ್ಲಿ ನೀರಿಳಿಸಿದರು.

ಹರಿಣಾಕ್ಷಿ ನೌಪಾಡಾದಲ್ಲಿ ಕೂತು ನೋಡಿದಳು. ಪ್ರಾಸೆಸರ್ ಆರಾಮವಾಗಿದೆ, ಮೆಮೊರಿ ಸಾಕಷ್ಟಿದೆ. ಎಲ್ಲರೂ ಕಾಯುತ್ತಿರುವುದು ಡಿಸ್ಕಿಗಾಗಿ. ಅವಳಿಗೆ ಒಳಗೊಳಗೇ ಖುಷಿಯಾಯಿತು ಎಂದರೆ ಸುಳ್ಳಲ್ಲ. ನಾಲ್ಕು ವರ್ಷದಿಂದ ತಾನು ಬಡಕೊಂಡದ್ದು ಇದನ್ನೇ. ಇರುವ ಐದು ಡಿಸ್ಕುಗಳನ್ನು ಒಂದೇ ಕಟ್ಟು ಕಟ್ಟಿ ಎಲ್ಲವನ್ನೂ ಅದರ ಮೇಲೆ ಹೇರಿದ್ದಾರೆ, ಕಲ್ಯಾಣದ ಭಾರ ಬಿದ್ದ ಕೂಡಲೇ ಬೆನ್ನು ಮುರಿದಿದೆ. ಲೆಕ್ಕ ಸರಿಯಾಗಿ ಕೂತಿತು. ದಸರೆಗೆ ಶಾಖೆ ಶುರು, ದಸರೆಯಿಂದ ನಿಧಾನ. ಇನ್ನೇನು ಸಾಕ್ಷಿ ಬೇಕು?

ಮಧ್ವರಾಜರ ಕೋಣೆಯಲ್ಲಿ ಅವಳು ಅದನ್ನು ರೈಲಿನ ಭಾಷೆಯಲ್ಲೇ ವಿವರಿಸಿದಳು.

"ಡಾಕ್ಟ್ರೇ, ಡೇಟಾಬೇಸು ಏನೇ ಮಾಡಿದ್ರೂ ಮೊದಲು ಒಂದು ಲಾಗಿನಲ್ಲಿ, ದಿನಚರಿ ಪುಸ್ತಕದ ಹಾಗೆ, ಬರೀತದೆ. ಒಂದರ ಹಿಂದೆ ಒಂದು, ನೇರ ಹೋಗ್ತದೆ, ಎಲ್ಲೂ ನಿಲ್ಲೋದಿಲ್ಲ. ರಿಪೋರ್ಟು, ಹೆಸರು ಎಲ್ಲ ಇರುವ ಡೇಟಾ ಹಾಗಲ್ಲ. ಇಲ್ಲಿ ಸ್ವಲ್ಪ ಓದು, ಅಲ್ಲಿ ಸ್ವಲ್ಪ ಬರಿ. ಫಾಸ್ಟ್ ಲೋಕಲ್ಲನ್ನೂ ಸ್ಲೋ ಲೋಕಲ್ಲನ್ನೂ ಒಂದೇ ಹಳಿ ಮೇಲೆ ಬಿಟ್ರೆ ಎಂತಾಗ್ತದೆ?"

"ಫಾಸ್ಟೂ ಸ್ಲೋ ಆಗ್ತದೆ," ಎಂದರು ಮಧ್ವರಾಜರು. ಅವರೂ ಒಂದು ಕಾಲದಲ್ಲಿ ಬಾಗಿಲಲ್ಲಿ ನೇತಾಡಿ ಹೋದವರೇ.

"ಅದಕ್ಕೇ ಹೇಳಿದ್ದು. ಹೊಸ ಎಂಟು ಡಿಸ್ಕ್ ತಗೊಳ್ಳುವ. ಎರಡನ್ನು ಜೋಡಿ ಮಾಡಿ ಲಾಗಿಗೆ ಮಾತ್ರ ಇಡುವ. ಉಳಿದ ಆರನ್ನು ಮೂರು ಜೋಡಿ ಮಾಡಿ ಡೇಟಾಕ್ಕೆ. ಜೋಡಿಯಲ್ಲಿ ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರ್ತದೆ."

"ಅಂದ್ರೆ ಎಂಟು ತಗೊಂಡು ನಾಲ್ಕರ ಜಾಗ ಮಾತ್ರ ಸಿಗೋದಾ? ಎಂತ ವ್ಯಾಪಾರ ಮಾರಾಯ್ರೆ ಇದು?"

"ಜಾಗಕ್ಕೆ ಅಲ್ಲ ಡಾಕ್ಟ್ರೇ, ವೇಗಕ್ಕೆ."

ಮಧ್ವರಾಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗಿನ ಒಂದು ಕಂಪನಿಯವರು ಬಂದು ಹೋಗಿದ್ದಾರೆ ಎಂದರು. ಇಡೀ ಡೇಟಾಬೇಸನ್ನು ತಮ್ಮ ಕಡೆಗೇ ಒಯ್ದು ತಾವೇ ನೋಡಿಕೊಳ್ಳುತ್ತಾರಂತೆ. "ನಂಗೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ, ಹರಿಣಾಕ್ಷಿಯವರೇ. ಆದ್ರೆ ರೋಗಿಗಳು ಕಾಯ್ಲಿಕ್ಕಿಲ್ಲ. ಶನಿವಾರ ನಿಮ್ಮ ಪ್ಲಾನ್ ಪೂರ್ತಿ ತನ್ನಿ. ಒಪ್ಪಿಗೆ ಆದ್ರೆ ಡಿಸ್ಕ್ ತರಿಸುವ. ಇಲ್ಲದಿದ್ರೆ ಅವರಿಗೇ ಕೊಟ್ಟುಬಿಡುವ."

ಕೊಟ್ಟುಬಿಟ್ಟರೆ ತನಗೆ ಇಲ್ಲಿ ಕೆಲಸ ಉಳಿಯುವುದಿಲ್ಲ ಎಂಬುದು ಹರಿಣಾಕ್ಷಿಗೆ ಗೊತ್ತಿತ್ತು. ಕಮಲಾಕ್ಷಣ್ಣನಿಗೆ ಡಿಸೆಂಬರಿನಲ್ಲಿ ನಿವೃತ್ತಿ, ಅವರು ಹೇಗೋ ದಡ ಸೇರುತ್ತಾರೆ. ತನಗೆ ಇನ್ನೂ ಹನ್ನೆರಡು ವರ್ಷವಿದೆ. ಈ ವಯಸ್ಸಿನಲ್ಲಿ ಬಯೋಡಾಟಾ ಹಿಡಿದು ಯಾರ ಬಾಗಿಲು ತಟ್ಟುವುದು? ಅದಕ್ಕಿಂತ ಹೆಚ್ಚಾಗಿ, ತಾನು ಕೂಸಿನಿಂದ ಸಾಕಿದ ಡೇಟಾಬೇಸನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆ ಎಂಬುದು ಅವಳಿಗೆ ಸಹಿಸಲಾಗಲಿಲ್ಲ.

ಗುರುವಾರ ಅವಳು ಥಾಣೆಯಲ್ಲಿ ಗಾಡಿ ಬದಲಿಸಿ ತುರ್ಭೆಗೆ ಹೋದಳು. ಹಳೆಯ ಡಿಸ್ಕುಗಳ ಮಾಡೆಲ್ ನಂಬರ್ ಬೇಕಿತ್ತು, ಹಳತು–ಹೊಸತರ ಹೋಲಿಕೆಯನ್ನು ಪ್ಲಾನಿನಲ್ಲಿ ತೋರಿಸಲು. ಸರ್ವರ್ ರೂಮಿನಲ್ಲಿ ಏಸಿಯ ಗದ್ದಲ. ಸರ್ವರ್ ಇದ್ದದ್ದು ಕಪಾಟಿನ ತೀರಾ ಕೆಳಗಿನ ಅಂತಸ್ತಿನಲ್ಲಿ. ಕಮಲಾಕ್ಷಣ್ಣ ನಿಂತಲ್ಲಿಂದಲೇ ತೋರಿಸಿದರು.

"ನೀನೇ ಬಗ್ಗು ಹರಿಣಾ. ನಂಗೆ ಈಗ ಮಂಡಿ ಮಡಚಲಿಕ್ಕೆ ಆಗೋದಿಲ್ಲ."

ಅವಳು ನೆಲದ ಮೇಲೆ ಕೂತಳು. ಕುಂಕುಮ ಮಾಡೆಲ್ ನಂಬರಿನ ಅಕ್ಷರಗಳ ಮೇಲೂ ಹರಡಿ ಗಟ್ಟಿಯಾಗಿತ್ತು. ಬಾಗಿಲಲ್ಲಿದ್ದ ಸೆಕ್ಯುರಿಟಿಯ ಬಾಲಪ್ಪನಲ್ಲಿ ಒರೆಸಲು ಬಟ್ಟೆ ಕೇಳಿದಳು. "ತಗೋರಿ ಮೇಡಮ್ಮಾರ, ಹಸೀ ಅರಿವಿ ಐತಿ," ಎಂದು ಅವನು ಒದ್ದೆ ಬಟ್ಟೆ ಕೊಟ್ಟ. ಮೊದಲ ಡಿಸ್ಕು ಒರೆಸಿ ನಂಬರ್ ಬರೆದುಕೊಂಡಳು. ಎರಡನೆಯದು, ಮೂರನೆಯದು. ನಾಲ್ಕನೆಯದನ್ನು ಒರೆಸಿದಾಗ ಬಟ್ಟೆಯ ಅಡಿಯಿಂದ ಒಂದು ಹಳದಿ ದೀಪ ಕಣ್ಣು ಬಿಟ್ಟಿತು.

ಹರಿಣಾಕ್ಷಿಯ ಕೈ ಅಲ್ಲೇ ನಿಂತಿತು. ಹಸಿರಿನ ಪಕ್ಕದಲ್ಲಿರುವುದು ಖಾಲಿ ಜಾಗವಲ್ಲ, ಡಿಸ್ಕು ಕೆಟ್ಟಾಗ ಮಾತ್ರ ಉರಿಯುವ ದೀಪ. ಸುಖದ ದಿನಗಳಲ್ಲಿ ಅದು ಆರಿಯೇ ಇರುತ್ತದೆ, ಆರಿದ್ದು ಖಾಲಿಯಂತೆ ಕಾಣುತ್ತದೆ. ನಾಲ್ಕನೆಯ ಡಿಸ್ಕು ಸತ್ತಿತ್ತು. ಯಾವಾಗ? ತನ್ನ ಪರದೆಯಲ್ಲಿ ಡಿಸ್ಕಿಗೆ ಕಾಯುವ ಸಮಯದ ಗೆರೆ ಏರಲು ಶುರುವಾದ ದಿನ ಅವಳಿಗೆ ನೆನಪಿತ್ತು. ಪೂಜೆಯಾಗಿ ಎರಡು ದಿನಕ್ಕೆ.

ಐದು ಡಿಸ್ಕುಗಳ ಕಟ್ಟು ಭಜನಾ ಮಂಡಳಿಯಿದ್ದ ಹಾಗೆ. ಒಬ್ಬನ ಗಂಟಲು ಕಟ್ಟಿದರೆ ಉಳಿದ ನಾಲ್ವರು ತಮ್ಮ ಸಾಲಿನ ಜೊತೆ ಅವನ ಸಾಲನ್ನೂ ಹೊಂದಿಸಿ ಹಾಡಬೇಕು. ಹಾಡು ನಿಲ್ಲುವುದಿಲ್ಲ, ಆದರೆ ಏದುಸಿರು ಬರುತ್ತದೆ. ಒಂದು ತಿಂಗಳಿಗೂ ಮಿಕ್ಕಿ ಆ ನಾಲ್ಕು ಡಿಸ್ಕುಗಳು ಏದುಸಿರು ಬಿಡುತ್ತ ಇಡೀ ಲ್ಯಾಬನ್ನು ಎಳೆದಿದ್ದವು. ನಡುವೆ ಇನ್ನೊಂದು ಕೈಕೊಟ್ಟಿದ್ದರೆ ಊರವರ ರಕ್ತದ ವಿವರವೆಲ್ಲ ನೀರಿನಲ್ಲಿ ಹೋಮ. ಡಿಸ್ಕು ಕೆಟ್ಟರೆ ಸರ್ವರು ಮೇಲ್ ಕಳಿಸುತ್ತದೆ, ಕಳಿಸಿಯೂ ಇತ್ತು. ಆದರೆ ಅದು ಹೋಗುತ್ತಿದ್ದದ್ದು ಯಾವಾಗಲೋ ಕೆಲಸ ಬಿಟ್ಟುಹೋದ ಎಂಜಿನಿಯರನ ವಿಳಾಸಕ್ಕೆ. ಉಳಿದದ್ದು ಕಣ್ಣಿನಿಂದ ನೋಡುವ ಒಂದೇ ದಾರಿ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಇಲ್ಲಿ ದೀಪದ ಮುಖಕ್ಕೇ ಕುಂಕುಮ.

ಕಮಲಾಕ್ಷಣ್ಣ ಹಿಂದಿನಿಂದ ನೋಡುತ್ತಿದ್ದರು.

"ಅದು ಹಳದಿಯಾ?" ಎಂದು ಕೇಳಿದರು.

"ಹೌದು ಕಮಲಾಕ್ಷಣ್ಣ."

ಅವರು ಕಪಾಟು ಹಿಡಿದು, ಆಗದು ಎಂದಿದ್ದ ಮಂಡಿಯನ್ನು ಮಡಚಿ ನಿಧಾನವಾಗಿ ಅವಳ ಪಕ್ಕ ಕೂತರು. ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ಐದನೆಯ ಡಿಸ್ಕಿನ ಬೊಟ್ಟನ್ನು ತಾವೇ ಒರೆಸಿದರು. ಮೂವತ್ತು ವರ್ಷ ಒಂದೂ ತಪ್ಪು ಹುಡುಕಿಸಿಕೊಳ್ಳದ ಮನುಷ್ಯ. ಯಾರಿಗೂ ಹೇಳಬೇಡ ಎಂದು ಒಂದು ಮಾತು ಅವರು ಕೇಳಿದ್ದರೆ ಅವಳು ಹೂಂ ಎಂದುಬಿಡುತ್ತಿದ್ದಳು. ಅವರು ಕೇಳಲಿಲ್ಲ. "ಮೊದಲು ಬ್ಯಾಕಪ್ ತೆಗಿ," ಎಂದರು ಅಷ್ಟೆ.

ಬ್ಯಾಕಪ್ ಮುಗಿಯುವವರೆಗೂ ಇಬ್ಬರೂ ಕದಲಲಿಲ್ಲ. ಬದಲಿ ಡಿಸ್ಕಿಗೆ ಫೋನ್ ಮಾಡಿದರೆ ಅಂಗಡಿಯವನು ಸೋಮವಾರ ಎಂದ.

ಸಂಜೆ ಮನೆಯಲ್ಲಿ ಹರಿಣಾಕ್ಷಿ ಚಪ್ಪಲಿ ಬಿಡುವ ಮೊದಲೇ ಗುಣಪಾಲ ಮುಖ ನೋಡಿ "ದಾದ ಆಂಡ್?" ಎಂದ. ಏನಾಯಿತೆಂದು ತುಳುವಿನಲ್ಲಿ ಕೇಳಿದರೆ ಅವಳು ಮುಚ್ಚಿಡಲಾರಳು. ಎಲ್ಲ ಹೇಳಿದಳು. ಅಂದು ಮೊದಲ ಬಾರಿಗೆ ಡಿಸ್ಕಿನ ಕಥೆಗೆ ಟಿವಿ ಬಂದ್ ಆಯಿತು.

ಗುಣಪಾಲ ವ್ಯಾಪಾರದ ಮನುಷ್ಯ. ಅವನಿಗೆ ದಾರಿ ನಿಚ್ಚಳವಾಗಿ ಕಂಡಿತು. "ಮೀಟಿಂಗು ಶನಿವಾರ. ಡಿಸ್ಕು ಬರೋದು ಸೋಮವಾರ. ನಡುವೆ ನೀನು ಯಾಕೆ ಬಾಯಿ ಬಿಡ್ಬೇಕು? ಗಾಳಿ ಬಂದಾಗ ತೂರಿಕೊಳ್ಬೇಕು. ನಿನ್ನ ಎಂಟು ಡಿಸ್ಕೂ ಬರ್ತದೆ, ಆ ಕಮಲಾಕ್ಷಣ್ಣನ ಮರ್ಯಾದೆಯೂ ಉಳೀತದೆ. ಹೇಳಿದ್ರೆ ಎಂತ ಸಿಗ್ತದೆ? ಸತ್ತ ಡಿಸ್ಕನ್ನು ತಿಂಗಳುಗಟ್ಟಲೆ ನೋಡದವರು ಅಂತ ಇಬ್ಬರನ್ನೂ ಮನೆಗೆ ಕಳಿಸ್ತಾರೆ."

ಒಂದು ಮಾತೂ ಸುಳ್ಳಾಗಿರಲಿಲ್ಲ, ಅದೇ ಕಷ್ಟ. ಹರಿಣಾಕ್ಷಿ ಕುಕ್ಕರ್ ಇಟ್ಟಳು. ಆಮೇಲೆ ಕೇಳಿದಳು. "ನಿಮ್ಮ ಹೋಟೆಲಲ್ಲಿ ಸಾಂಬಾರು ಹಳಸಿದ್ರೆ ಗಿರಾಕಿಗೆ ಎಂತ ಹೇಳ್ತೀರಿ? ಸಾಂಬಾರು ಸರಿ ಉಂಟು, ತಟ್ಟೆಗಳನ್ನು ಬದಲಾಯಿಸ್ಬೇಕು ಅಂತಲಾ?"

ಗುಣಪಾಲ ಎದ್ದು ತಟ್ಟೆಗಳನ್ನು ಜೋಡಿಸಿದ. ಸಾಂಬಾರಿನ ವಿಷಯದಲ್ಲಿ ಅವನು ಸುಳ್ಳು ಹೇಳಲಾರ.

ಶನಿವಾರ ಬೆಳಿಗ್ಗೆ ಅವಳು ಪ್ಲಾನಿನ ಹಾಳೆಗಳನ್ನು ಮಧ್ವರಾಜರ ಮೇಜಿನ ಮೇಲಿಟ್ಟು, ಅವರು ತೆರೆಯುವ ಮೊದಲೇ ಕೈ ಅಡ್ಡ ಇಟ್ಟಳು.

"ಡಾಕ್ಟ್ರೇ, ಮೊನ್ನೆ ನಾನು ಹೇಳಿದ್ದು ತಪ್ಪು. ನಿಧಾನ ಆದದ್ದು ಕಲ್ಯಾಣದಿಂದ ಅಲ್ಲ. ಒಂದು ಡಿಸ್ಕ್ ಸತ್ತಿದೆ. ದಸರೆ ಮುಗಿದ ಕೂಡ್ಲೇ ಸತ್ತದ್ದು, ನಾವು ನೋಡ್ಲಿಲ್ಲ. ಸೋಮವಾರ ಬದಲಾಯಿಸಿದ್ರೆ ಮೊದಲಿನ ಹಾಗೆ ಆಗ್ತದೆ."

ಮಧ್ವರಾಜರ ಹುಬ್ಬು ಗಂಟಾಯಿತು. "ತಿಂಗಳಿಂದ ಸತ್ತದ್ದು ಕಾಣ್ಲಿಲ್ಲವಾ? ಯಾರು ನೋಡ್ಬೇಕಿತ್ತು?"

"ಡೇಟಾಬೇಸ್ ನನ್ನದು. ಡಿಸ್ಕಿಗೆ ಕಾಯ್ತಾ ಉಂಟು ಅಂತ ಗೊತ್ತಾದ ದಿನವೇ ನಾನು ತುರ್ಭೆಗೆ ಹೋಗಿ ನೋಡ್ಬೇಕಿತ್ತು. ನಾನು ನನ್ನ ಪ್ಲಾನು ಸರಿ ಅಂತ ತೋರಿಸ್ಲಿಕ್ಕೆ ಕೂತೆ."

ಕುಂಕುಮದ ಮಾತನ್ನು ಅವಳು ಎತ್ತಲಿಲ್ಲ. ಎತ್ತುವುದಿಲ್ಲವೆಂದು ಗಾಡಿಯಲ್ಲೇ ನಿಶ್ಚಯಿಸಿಕೊಂಡು ಬಂದಿದ್ದಳು. ಆದರೆ ಬಾಗಿಲು ತೆರೆಯಿತು. ಕಮಲಾಕ್ಷಣ್ಣ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲಿ. ಯಾರೂ ಅವರನ್ನು ಕರೆದಿರಲಿಲ್ಲ.

"ಕೆಟ್ಟದ್ದು ತೋರಿಸುವ ದೀಪದ ಮೇಲೆ ಕುಂಕುಮ ಹಚ್ಚಿದ್ದು ನಾನು, ಡಾಕ್ಟ್ರೇ. ದಿನಾ ಬಗ್ಗಿ ನೋಡ್ಬೇಕಾದವನೂ ನಾನೇ. ಮಂಡಿ ನೋವು ಅಂತ ನಿಂತಲ್ಲಿಂದ ನೋಡ್ತಿದ್ದೆ, ಸಾಲಿನಲ್ಲಿ ಹಸಿರು ಮಿನುಗ್ತಿತ್ತು, ಸರಿ ಉಂಟು ಅಂತ ಹೋಗ್ತಿದ್ದೆ. ಅವಳನ್ನು ಬೈಬೇಡಿ."

ಮಧ್ವರಾಜರು ಇಬ್ಬರನ್ನೂ ನೋಡಿದರು. ಅವರು ಸಿಟ್ಟಿನ ಮನುಷ್ಯ, ಆ ಕ್ಷಣ ಸಿಟ್ಟು ಬಂದೂ ಇತ್ತು. ಆದರೆ ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿತು. "ಅವತ್ತು ಕಾಯಿ ಒಡೆದವ ನಾನು," ಎಂದರು. "ಚಂದ ಕಾಣ್ತದೆ ಅಂದವನೂ ನಾನೇ. ಕೂತ್ಕೊಳ್ಳಿ ಕಮಲಾಕ್ಷ, ಮಂಡಿ ನೋವಿನಲ್ಲಿ ನಿಲ್ಬೇಡಿ." ಚಹಾ ತರಿಸಿದರು. ಆಮೇಲೆ ಅವರು ಪ್ಲಾನಿನ ಹಾಳೆಗಳನ್ನು ಹರಿಣಾಕ್ಷಿಯ ಕಡೆಗೆ ಸರಿಸಿ, "ಹಾಗಾದ್ರೆ ಇದು ಬೇಡ ಅಲ್ಲವಾ?" ಎಂದರು.

ಹೂಂ ಎಂದು ಎದ್ದು ಬರಬಹುದಿತ್ತು. ಅವಳು ಹಾಳೆಗಳನ್ನು ಎತ್ತಿಕೊಳ್ಳಲಿಲ್ಲ.

"ಬೇಕು ಡಾಕ್ಟ್ರೇ. ಆದ್ರೆ ಮೊನ್ನೆ ನಾನು ಹೇಳಿದ ಕಾರಣಕ್ಕಲ್ಲ. ನಾನು ವೇಗ, ವೇಗ ಅಂತ ಹೇಳ್ತಿದ್ದೆ. ಡಿಸ್ಕುಗಳು ಆರೋಗ್ಯವಾಗಿದ್ರೆ ಈ ಹಳೇ ಕಟ್ಟೂ ನಮಗೆ ಸಾಕಾಗ್ತದೆ. ಆದ್ರೆ ಡಿಸ್ಕು ಸಾಯೋದೇ. ಒಂದಲ್ಲ ಒಂದು ದಿನ ಸಾಯ್ತದೆ. ಈಗಿನ ಕಟ್ಟಿನಲ್ಲಿ ಒಂದು ಸತ್ರೆ ಉಳಿದ ನಾಲ್ಕೂ ಅದರ ಕೆಲಸ ಹೊತ್ತು ಒದ್ದಾಡ್ತವೆ, ರೋಗಿಗಳು ಕಾಯ್ತಾರೆ. ಜೋಡಿಯಲ್ಲಿ ಹಾಗಿಲ್ಲ. ಒಂದು ಸತ್ರೆ ಅದರ ಜೊತೆಯದ್ದು ಸುಮ್ಮನೆ ಕೆಲಸ ಮುಂದುವರಿಸ್ತದೆ. ಬೆಳಿಗ್ಗೆ ಬಂದವರಿಗೆ ಗೊತ್ತೇ ಆಗೋದಿಲ್ಲ. ಉಳಿದ ನಾಲ್ಕರ ಜಾಗ ದಂಡ ಅಂದ್ರಲ್ಲ, ಅದು ದಂಡ ಅಲ್ಲ. ಒಬ್ಬರು ಬಿದ್ರೆ ಇನ್ನೊಬ್ಬರು ಪಕ್ಕದಲ್ಲಿ ಇರ್ಲಿಕ್ಕೆ."

ಹೇಳುವಾಗ ಅವಳು ಕಮಲಾಕ್ಷಣ್ಣನ ಕಡೆ ನೋಡಲಿಲ್ಲ. ನೋಡಿದ್ದರೆ ಅಳು ಬರುತ್ತಿತ್ತು.

"ನೋಡುವ," ಎಂದರು ಮಧ್ವರಾಜರು. ಅವರ 'ನೋಡುವ' ಎಂದರೆ ಹೌದೂ ಆಗಬಹುದು, ಇಲ್ಲವೂ ಆಗಬಹುದು.

ಸೋಮವಾರ ಕಮಲಾಕ್ಷಣ್ಣ ತಾವೇ ಹೊಸ ಡಿಸ್ಕು ಹಾಕಿದರು. ಉಳಿದವುಗಳಿಂದ ಅದು ತುಂಬಿಕೊಂಡ ಮೇಲೆ ಹರಿಣಾಕ್ಷಿಯ ಪರದೆಯ ಗೆರೆ ಇಳಿಯಿತು. ಗುರುವಾರದ ಹೊತ್ತಿಗೆ ರಿಪೋರ್ಟುಗಳು ಮಧ್ಯಾಹ್ನಕ್ಕೇ ಬರತೊಡಗಿದವು, ಆ ಸರ್ಜನ್ ಫೋನ್ ಮಾಡುವುದು ನಿಲ್ಲಿಸಿದರು. ಹೊರಗಿನ ಕಂಪನಿಯವರ ಮಾತು ಮತ್ತೆ ಬರಲಿಲ್ಲ. ಎಂಟು ಡಿಸ್ಕುಗಳ ಮಾತೂ ಬರಲಿಲ್ಲ. ಹರಿಣಾಕ್ಷಿ ಆಸೆ ಬಿಟ್ಟು, ಕೆಲಸ ಉಳಿಯಿತಲ್ಲ ಎಂದು ಸಮಾಧಾನ ಹೇಳಿಕೊಂಡಳು. ಡಿಸೆಂಬರಿನಲ್ಲಿ ಕಮಲಾಕ್ಷಣ್ಣನಿಗೆ ಶಾಲು ಹೊದಿಸಿ ಬೀಳ್ಕೊಟ್ಟರು. ಆ ದಿನವೇ ಮಧ್ವರಾಜರು ಎಲ್ಲರೆದುರು ಡಿಸ್ಕುಗಳಿಗೆ ಆರ್ಡರ್ ಕೊಟ್ಟಿದ್ದೇನೆ ಎಂದರು, ಯಾವುದಾದರೂ ಕೆಟ್ಟರೆ ಮೇಲ್ ತಮ್ಮ ಫೋನಿಗೂ ಬರಬೇಕು ಎಂಬ ಷರತ್ತಿನ ಮೇಲೆ. ಸತ್ತ ಡಿಸ್ಕಿಗೆ, ಒಳಗಿನದ್ದು ಯಾರೂ ಓದದಂತೆ ಡ್ರಿಲ್ಲಿನಿಂದ ತೂತು ಹೊಡೆಸಿ ಗುಜರಿಗೆ ಇಟ್ಟಿದ್ದರು. ಅದನ್ನು ಕಮಲಾಕ್ಷಣ್ಣ ಕೇಳಿ ಪಡೆದು, ಶಾಲಿನಲ್ಲಿ ಸುತ್ತಿಕೊಂಡು ಡೊಂಬಿವಲಿಯ ಎಂಐಡಿಸಿ ಬಡಾವಣೆಯ ತಮ್ಮ ಮನೆಗೆ ಒಯ್ದರು.

ಮುಂದಿನ ಆಯುಧ ಪೂಜೆಗೆ ಅವರನ್ನು ಹರಿಣಾಕ್ಷಿಯೇ ಡೊಂಬಿವಲಿಯಿಂದ ಕರೆದುಕೊಂಡು ಬಂದಳು. ಮೈಕ್ರೋಸ್ಕೋಪು, ಬೈಕುಗಳು ಎಲ್ಲ ಆಗಿ ಎಲ್ಲರೂ ಸರ್ವರ್ ರೂಮಿಗೆ ಬಂದರು. ಹೊಸ ಡಿಸ್ಕುಗಳು ಜೋಡಿ ಜೋಡಿಯಾಗಿ ಕೂತಿದ್ದವು, ಮುಖ ತೊಳೆದ ಹಾಗೆ ಬರಿದಾಗಿ. ಮಧ್ವರಾಜರು ಕುಂಕುಮದ ಬಟ್ಟಲನ್ನು ಎಂದಿನಂತೆ ಕಮಲಾಕ್ಷಣ್ಣನ ಕೈಗೇ ಕೊಟ್ಟರು.

ಕಮಲಾಕ್ಷಣ್ಣ ಚೀಲದಿಂದ ಡ್ರಿಲ್ ಹೊಡೆದ ಆ ನಾಲ್ಕನೆಯ ಡಿಸ್ಕನ್ನು ತೆಗೆದರು. ಕಪಾಟಿನ ಮುಂದೆ ಒಂದು ಬಾಳೆಲೆಯ ತುಂಡಿನ ಮೇಲೆ ಇಟ್ಟು, ಉಂಗುರಬೆರಳಿನಿಂದ ಅದಕ್ಕೆ ಕುಂಕುಮ ಹಚ್ಚಿದರು. ಅದರಲ್ಲಿ ಇನ್ನು ಯಾವ ದೀಪವೂ ಉರಿಯಬೇಕಾಗಿರಲಿಲ್ಲ, ಎಲ್ಲಿ ಹಚ್ಚಿದರೂ ನಡೆಯುತ್ತಿತ್ತು.

ಆಮೇಲೆ ಅವರು ಕಪಾಟು ಹಿಡಿದು, ನೋಯುವ ಮಂಡಿ ಮಡಚಿ, ಹೊಸ ಡಿಸ್ಕುಗಳ ಎದುರು ಕೂತು ಒಂದೊಂದನ್ನೂ ನೋಡಿದರು. "ಎಲ್ಲ ಹಸಿರು ಉಂಟು," ಎಂದರು. ಏಳಲು ಹೊರಟವರು ಮತ್ತೆ ಕೂತರು. "ಹರಿಣಾ, ನೀನೂ ಒಮ್ಮೆ ನೋಡು."

ಹರಿಣಾಕ್ಷಿ ಸೆರಗು ಸಿಕ್ಕಿಸಿಕೊಂಡು ಅವರ ಪಕ್ಕ ಕೂತಳು. ಮೊದಲನೆಯದರಿಂದ ಶುರು ಮಾಡಿ ತಾನೂ ಒಂದೊಂದಾಗಿ ನೋಡಿದಳು, ಆಮೇಲೆ ಅವರ ತೋಳು ಹಿಡಿದು ಎಬ್ಬಿಸಿದಳು.